ಕಾಜಕ್ಕನ ಮೂರು ಮಧ್ಯಾಹ್ನದ ವಿದ್ಯೆ

ಅಂಗಿಗೆ ಗುಂಡಿ ಹೊಲಿಯುವುದು ಯಾರಿಗಾದರೂ ಬಂದೀತು. ಆ ಗುಂಡಿ ನುಸುಳಿ ಹೋಗುವ ಕಾಜಾ ಹೊಲಿಯುವುದು ಎಲ್ಲರಿಗೂ ಬರುವುದಿಲ್ಲ. ಕಾಜಾದ ಸೀಳು ಕೂದಲೆಳೆಯಷ್ಟು ದೊಡ್ಡದಾದರೆ ಗುಂಡಿ ನಿಲ್ಲುವುದಿಲ್ಲ, ಕೂದಲೆಳೆಯಷ್ಟು ಚಿಕ್ಕದಾದರೆ ಒಳಗೆ ಹೋಗುವುದೇ ಇಲ್ಲ. ಹದಿನಾಲ್ಕು ವರ್ಷದಿಂದ ಅದೇ ಕೆಲಸ ಮಾಡುತ್ತ ಬಂದವಳಿಗೆ ಬೀದಿಯವರು ಕಾಜಕ್ಕ ಎಂದು ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲೇ ಉಳಿದುಹೋಯಿತು.

ಅಂಗಡಿ ಮಾವನದು. ಉದ್ದಕ್ಕೆ ರೈಲುಡಬ್ಬಿಯಂಥ ಒಂದೇ ಕೋಣೆ. ಬಾಗಿಲ ಹತ್ತಿರ ಮಾವನ ಕತ್ತರಿ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ಆಮೇಲೆ ಎರಡು ಮೆಷಿನ್, ಅದರಾಚೆ ಇಸ್ತ್ರಿ ಮೇಜು, ಕೊನೆಗೊಂದು ಪರದೆ. ಪರದೆ ಸರಿಸಿದರೆ ಅತ್ತೆಯ ಅಡುಗೆಮನೆ. ಅಂಗಡಿಯಲ್ಲಿ ಆಡಿದ ಮಾತು ಮನೆಗೆ ಕೇಳುತ್ತಿತ್ತು, ಮನೆಯಲ್ಲಿ ಒಗ್ಗರಣೆ ಹಾಕಿದರೆ ಅಂಗಡಿ ಸೀನುತ್ತಿತ್ತು.

ಕೋಟು ಹೊಲಿಯುವುದರಲ್ಲಿ ಮಾವ ಎತ್ತಿದ ಕೈ. ಬೇರೆ ಕೆಲಸವನ್ನೆಲ್ಲ ಮಗನಿಗೆ, ಸೊಸೆಗೆ ಹಂಚಿದರೂ ಕೋಟಿನ ಗುಂಡಿಯನ್ನು ಮಾತ್ರ ಯಾರ ಕೈಗೂ ಕೊಟ್ಟವರಲ್ಲ. ಬೇಕಾದಷ್ಟು ಗುಂಡಿಗಳನ್ನು ಒಮ್ಮೆಗೇ ತುಟಿಗಳ ನಡುವೆ ಕಚ್ಚಿಕೊಂಡು, ಒಂದೊಂದನ್ನೇ ತೆಗೆದು ಹೊಲಿಯುವುದು ಗುರುಗಳಿಂದ ಅವರಿಗೆ ಬಂದ ಪದ್ಧತಿ.

"ಮೇಜಿನ ಮೇಲಿಟ್ಟ ಗುಂಡಿ ಉರುಳಿ ಹೋಗುತ್ತೆ. ಜೇಬಲ್ಲಿಟ್ಟಿದ್ದು ಮರೆತು ಹೋಗುತ್ತೆ. ಬಾಯಲ್ಲಿಟ್ಟಿದ್ದು ಎಲ್ಲಿಗೆ ಹೋದೀತು?" ಎಂದು ಕೇಳುತ್ತಿದ್ದರು.

ಬಾಯಲ್ಲಿ ಗುಂಡಿ ಇದ್ದಾಗ ಅವರ ಮಾತೆಲ್ಲ ಮೂಗಿನಲ್ಲೇ. ಒಂದು ಹೂಂಕಾರ ಬಂದರೆ ದಾರ ತಾ ಎಂದು. ಎರಡು ಬಂದರೆ ಬೆಳಕಿಗೆ ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ ಎಂದು. ಉದ್ದಕ್ಕೆ ಎಳೆದರೆ, ಗಿರಾಕಿಗೆ ನಾಳೆ ಬರಲು ಹೇಳು ಎಂದು. ಮೂರನ್ನೂ ಕಾಜಕ್ಕ ಮದುವೆಯಾದ ತಿಂಗಳಲ್ಲೇ ಕಲಿತಿದ್ದಳು. ಮಾವನೆದುರು ತಾನು ಮಾತನಾಡುವುದನ್ನು ಮಾತ್ರ ಕಲಿತಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವವಳು ಪರದೆ ದಾಟಿದೊಡನೆ "ಹೂಂ ಮಾವ", "ಆಯ್ತು ಮಾವ" ಅಷ್ಟೇ.

ಆ ವರ್ಷ ಶಾಲೆಯ ಸಮವಸ್ತ್ರಗಳ ಕೆಲಸ ಮುಗಿದ ವಾರ ಅಗ್ನಿಶಾಮಕ ಠಾಣೆಯಿಂದ ಒಬ್ಬರು ಬಂದು ಚೀಟಿ ಕೊಟ್ಟು ಹೋದರು. ಬೀದಿಯ ಪ್ರತಿ ಅಂಗಡಿಯಿಂದ ಒಬ್ಬರು ಮೂರು ಮಧ್ಯಾಹ್ನ ಠಾಣೆಗೆ ಬಂದು ಪ್ರಥಮ ಚಿಕಿತ್ಸೆ ಕಲಿಯಬೇಕಂತೆ.

"ಯಾರು ಹೋಗ್ತೀರಿ?" ಎಂದರು ಮಾವ, ಯಾರೂ ಹೋಗದಿದ್ದರೆ ಒಳ್ಳೆಯದು ಎಂಬ ದನಿಯಲ್ಲಿ.

"ನನಗೆ ರಕ್ತ ಅಂದ್ರೆ ತಲೆ ಸುತ್ತುತ್ತೆ ಅಪ್ಪಾ," ಎಂದ ಕಾಜಕ್ಕನ ಗಂಡ.

"ನಾನು ಹೋದ್ರೆ ಇಸ್ತ್ರಿ ತಣ್ಣಗಾಗುತ್ತೆ," ಎಂದ ಇಸ್ತ್ರಿಯಣ್ಣ. ಇಪ್ಪತ್ತು ವರ್ಷದಿಂದ ಆ ಮೇಜಿನ ಮುಂದೆಯೇ ನಿಂತು ಅವನ ಬಲ ತೋಳು ಎಡದಕ್ಕಿಂತ ದಪ್ಪವಾಗಿತ್ತು.

"ನಾನು ಹೋಗ್ತೀನಿ ಮಾವ," ಎಂದಳು ಕಾಜಕ್ಕ. ಅದು ಅವಳ ಬಾಯಿಂದ ಬಂದ ದೊಡ್ಡ ಮಾತೇ. ಮಾವ ಕನ್ನಡಕದ ಮೇಲಿಂದ ನೋಡಿದರು.

ಅವಳಿಗೆ ಅದರಲ್ಲಿ ಆಸೆ ಹುಟ್ಟಿದ್ದಕ್ಕೆ ಕಾರಣವಿತ್ತು. ಅವಳು ಹನ್ನೊಂದು ವರ್ಷದವಳಿದ್ದಾಗ ಅಪ್ಪ ಹುಲ್ಲಿನ ಬಂಡಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಸುತ್ತ ಊರಿಗೆ ಊರೇ ನೆರೆದಿತ್ತು. ಒಬ್ಬ ಎತ್ತು ಎಂದ, ಒಬ್ಬ ಎಳೆ ಎಂದ, ಒಬ್ಬ ಉಜ್ಜು ಎಂದ. ಎಲ್ಲರದೂ ಒಳ್ಳೆಯ ಮನಸ್ಸು. ಆ ಒಳ್ಳೆಯ ಮನಸ್ಸಿನವರೆಲ್ಲ ಸೇರಿ ಮುರಿದ ಕಾಲನ್ನು ಮಡಚಿ ಗಾಡಿಗೆ ಹಾಕಿದರು. ಅಲುಗಾಡದಂತೆ ಎರಡು ಕೋಲು ಕಟ್ಟಿ ಕಳಿಸಿದ್ದರೆ ಇಷ್ಟು ಕೆಡುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಅಪ್ಪ ಈಗಲೂ ಕುಂಟುತ್ತಲೇ ನಡೆಯುತ್ತಾನೆ. ಅಷ್ಟು ಜನರಲ್ಲಿ ತಿಳಿದವರು ಒಬ್ಬರಾದರೂ ಇರಬಾರದಿತ್ತೇ ಎಂಬುದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಠಾಣೆಯಲ್ಲಿ ಕಲಿಸುತ್ತಿದ್ದವಳು ಗಟ್ಟಿ ದನಿಯ ಒಬ್ಬ ನರ್ಸಮ್ಮ. ಮೊದಲ ಮಧ್ಯಾಹ್ನ ಗಾಯ ಮತ್ತು ಸುಟ್ಟದ್ದು, ಎರಡನೆಯ ಮಧ್ಯಾಹ್ನ ಮೂಳೆ ಮುರಿತ ಮತ್ತು ಎದೆ ಒತ್ತುವುದು, ಮೂರನೆಯ ದಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂಬುದು.

"ಕೆಮ್ಮೋಕೆ ಆಗ್ತಿದ್ರೆ ಕೆಮ್ಮಲಿ ಬಿಡಿ, ಅದಕ್ಕಿಂತ ಒಳ್ಳೆ ಔಷಧಿ ಇಲ್ಲ," ಎಂದಳು ನರ್ಸಮ್ಮ. "ಕೆಮ್ಮೋಕೂ ಆಗ್ತಿಲ್ಲ, ಮಾತೂ ಬರ್ತಿಲ್ಲ ಅಂದ್ರೆ ಆಗ ಕೈ ಹಾಕಿ. ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಐದು ಏಟು. ಹೋಗಲಿಲ್ವಾ? ಹಿಂದಿನಿಂದ ತಬ್ಬಿ, ಹೊಕ್ಕಳಿಗೂ ಎದೆಮೂಳೆಗೂ ಮಧ್ಯೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಎಳೀರಿ. ಮತ್ತೆ ಬೆನ್ನಿಗೆ ಐದು. ಹೊರಗೆ ಬರೋವರೆಗೂ ಬಿಡಬೇಡಿ. ಎಚ್ಚರ ತಪ್ಪಿ ಬಿದ್ದರೆ ನಿನ್ನೆ ಹೇಳಿಕೊಟ್ಟ ಹಾಗೆ ಎದೆ ಒತ್ತೋಕೆ ಶುರು ಮಾಡಿ."

ಕಾಜಕ್ಕ ಬೊಂಬೆಯ ಬೆನ್ನಿಗೆ ಕೈ ಹಾಕಿದಾಗ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಮ್ಮಾ, ಧೂಳು ಕೊಡವ್ತಿದೀಯಾ? ಅವನಿಗೆ ಉಸಿರಿಲ್ಲ! ಹೊಡಿ! ಆದ್ರೆ ಒಂದು ಮಾತು, ಮನೇಲಿ ಚೆನ್ನಾಗಿರೋರ ಮೇಲೆ ಇದನ್ನ ಜೋರಾಗಿ ಮಾಡಿ ನೋಡಬೇಡಿ. ಜಾಗ ತೋರಿಸಿ, ಅಷ್ಟೇ."

ಮನೆಯಲ್ಲಿ ಅಭ್ಯಾಸಕ್ಕೆ ಅಂಗಡಿಯ ಬೊಂಬೆಯೇ ಇತ್ತು. ಕೋಟು ತೊಡಿಸಿ ನೋಡಲು ಇಟ್ಟಿದ್ದ, ತಲೆಯೂ ಕೈಯೂ ಇಲ್ಲದ, ಎದೆ ಸೆಟೆದು ನಿಂತ ಆ ಬೊಂಬೆಯನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಾಜಕ್ಕ ದೊರೆಗೆ ಪಟ್ಟಿ ಕಟ್ಟುವಳು, ಬೆನ್ನಿಗೆ ಬಾರಿಸುವಳು, ಹಿಂದಿನಿಂದ ತಬ್ಬಿ ಎಳೆಯುವಳು.

"ಲೇ, ನನ್ನನ್ನ ಒಂದು ದಿನ ಹೀಗೆ ತಬ್ಬಿಲ್ಲ ನೀನು," ಎಂದ ಗಂಡ ಮೆಷಿನ್ನಿನ ಮೇಲಿಂದ.

"ನಿಮಗೆ ತಲೆ ಇದೆಯಲ್ಲ, ಸುತ್ತುತ್ತೆ. ದೊರೆಗೆ ಆ ಚಿಂತೆ ಇಲ್ಲ ಕಣ್ರೀ."

ಮಾವ ಇದನ್ನೆಲ್ಲ ಕಂಡೂ ಕಾಣದಂತೆ ಎರಡು ದಿನ ತಡೆದರು. ಮೂರನೆಯ ದಿನ ಬಾಯಿಂದ ಗುಂಡಿಗಳನ್ನು ತೆಗೆದು ಅಂಗೈಯಲ್ಲಿ ಹಿಡಿದು, "ನೀನು ಡಾಕ್ಟರಾಗೋ ಹೊತ್ತಿಗೆ ಕಾಜಾ ಯಾರಮ್ಮ ಹೊಲೀತಾರೆ?" ಎಂದರು. ಕಾಜಕ್ಕ ತಲೆ ತಗ್ಗಿಸಿ ಸೂಜಿ ಹಿಡಿದಳು.

ಆ ವಾರವೇ ಇಸ್ತ್ರಿಯಣ್ಣ ಕೈ ಸುಟ್ಟುಕೊಂಡ. ಹಳೆಯ ರೂಢಿಯಂತೆ ಹಲ್ಲುಜ್ಜುವ ಪೇಸ್ಟಿನ ಟ್ಯೂಬು ಹುಡುಕಲು ಹೊರಟವನನ್ನು ಕಾಜಕ್ಕ ನಲ್ಲಿಯ ಕೆಳಗೆ ನಿಲ್ಲಿಸಿದಳು. "ಇಪ್ಪತ್ತು ನಿಮಿಷ ಕೈ ತೆಗೀಬೇಡ ಅಣ್ಣಾ." ಇಸ್ತ್ರಿಯಣ್ಣ ನಿಂತ. ಮಾವ ಗಡಿಯಾರ ನೋಡಿದರು, ನಲ್ಲಿ ನೋಡಿದರು, ಮತ್ತೆ ಗಡಿಯಾರ ನೋಡಿದರು. ಅವರ ಮೂಗಿನಿಂದ ಆ ದಿನ ಬಂದ ಹೂಂಕಾರ ಕಾಜಕ್ಕನ ನಿಘಂಟಿನಲ್ಲಿ ಇಲ್ಲದ್ದು. ಮರುದಿನ ಕೈಗೆ ಬೊಬ್ಬೆ ಬರದಿದ್ದಾಗ ಇಸ್ತ್ರಿಯಣ್ಣ ಅದನ್ನು ಪಕ್ಕದ ಬೇಕರಿಯವರಿಗೂ ತೋರಿಸಿ ಬಂದ.

ಇದಾದ ತಿಂಗಳಿಗೆ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ದಪ್ಪನೆಯ ವಕೀಲರೊಬ್ಬರು ಅಂಗಡಿಯಲ್ಲಿ ಬಂದು ಕೂತರು. ಕೋಟಿಗಾಗಿ ಅವರು ಬರುತ್ತಿದ್ದುದು ಅದು ಆರನೆಯ ಸಲ. ಮಧ್ಯಾಹ್ನ ಅದನ್ನೇ ತೊಟ್ಟು ಕೋರ್ಟಿಗೆ ಹೋಗಬೇಕೆಂದು ಜಿದ್ದಿಗೆ ಬಿದ್ದು ಕೂತಿದ್ದರು. ಗಂಡ ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದ. ಮಾವ ಮೇಜಿನ ಮುಂದೆ ನಿಂತು ಕೊನೆಯ ಕೆಲಸ ಮಾಡುತ್ತಿದ್ದರು. ಒಂದು ಗುಂಡಿ ಹೊಲಿದಾಗಿತ್ತು, ತುಟಿಗಳ ನಡುವೆ ಇನ್ನೆರಡು ಇದ್ದವು.

ವಕೀಲರ ಕಣ್ಣು ದೊರೆಯ ಮೇಲೆ ಬಿತ್ತು. ಹಿಂದಿನ ದಿನ ಎದೆಗೆ ಅಡ್ಡಡ್ಡ ಕಟ್ಟಿದ್ದ ಪಟ್ಟಿಯನ್ನು ಕಾಜಕ್ಕ ಬಿಚ್ಚಲು ಮರೆತಿದ್ದಳು.

"ಏನಮ್ಮಾ, ಇವರಿಗೇನಾಯ್ತು?"

ಕಾಜಕ್ಕ ಹೇಗೆ ಬಾಯಿ ಬಿಟ್ಟಳೋ ಅವಳಿಗೇ ತಿಳಿಯದು. "ಅವರೂ ಕೋಟು ಹೊಲಿಯೋಕೆ ಕೊಟ್ಟೋರೇ ಸಾರ್. ನಾಳೆ ಬನ್ನಿ, ನಾಳೆ ಬನ್ನಿ ಅಂತ ಕಾದೂ ಕಾದೂ ಹೀಗಾಗೋದ್ರು."

ವಕೀಲರು ಗಹಗಹಿಸಿದರು. ಪರದೆಯ ಹಿಂದೆ ಅತ್ತೆ ಕಿಸಕ್ಕೆಂದರು. ಮತ್ತು ಅಂಗಡಿಯಲ್ಲಿ ಎಂದೂ ಹಲ್ಲು ತೋರಿಸದ ಮಾವನಿಗೆ, ಅದೂ ಸೊಸೆಯ ಮಾತಿಗೆ, ನಗು ಉಕ್ಕಿತು. ನಗುವ ಮೊದಲು ಎಳೆದುಕೊಂಡ ಉಸಿರಿನ ಜೊತೆ ಒಂದು ಗುಂಡಿಯೂ ಒಳಗೆ ಹೋಯಿತು.

ಇನ್ನೊಂದು ಗುಂಡಿ ಮೇಜಿನ ಮೇಲೆ ಬಿದ್ದು ಉರುಳಿತು. ಮಾವ ಎರಡು ಕೈಯಲ್ಲೂ ಕುತ್ತಿಗೆ ಹಿಡಿದುಕೊಂಡರು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಇನ್ನೂ ನಗುತ್ತಿದ್ದಾರೆಂದೇ ವಕೀಲರು ತಿಳಿದರು.

ಕಾಜಕ್ಕ ಸೂಜಿ ಎಸೆದು ಓಡಿದಳು. "ಮಾವ, ಗಂಟಲಿಗೆ ಸಿಕ್ತಾ? ಕೆಮ್ಮಿ! ಕೆಮ್ಮಿ ಮಾವ!" ಮಾವ ತಲೆಯಾಡಿಸಿದರು. ಕೆಮ್ಮಲು ಆಗುತ್ತಿರಲಿಲ್ಲ. ಮುಖ ಕೆಂಪಾಗಿ, ಕೆಂಪು ಕಪ್ಪಿಗೆ ತಿರುಗುತ್ತಿತ್ತು.

ಇಸ್ತ್ರಿಯಣ್ಣ ನೀರಿನ ಚೊಂಬು ಹಿಡಿದು ಬಂದ. "ಕುಡಿಸಮ್ಮ, ಇಳಿದು ಹೋಗುತ್ತೆ! ಇಲ್ಲಾಂದ್ರೆ ನಾನು ಬೆರಳು ಹಾಕಿ ತೆಗೀತೀನಿ!"

"ನೀರು ಬೇಡ! ಬೆರಳೂ ಬೇಡ, ಇನ್ನೂ ಒಳಗೆ ಹೋಗುತ್ತೆ! ಸಾರ್, ನೀವು ಆಂಬುಲೆನ್ಸಿಗೆ ಫೋನ್ ಮಾಡಿ!" ಆ ದನಿ ತನ್ನದೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ. ವಕೀಲರು ಸಾಕ್ಷಿಕಟ್ಟೆ ಹತ್ತಿದವರಂತೆ ನೆಟ್ಟಗೆ ನಿಂತು ಫೋನ್ ತೆಗೆದರು.

ಮಾವನ ಎದೆಗೆ ಒಂದು ಕೈ ಕೊಟ್ಟು ಮುಂದಕ್ಕೆ ಬಗ್ಗಿಸಿ, ಇನ್ನೊಂದು ಕೈ ಎತ್ತಿದಳು. ಎತ್ತಿದ ಕೈ ಅರ್ಧದಲ್ಲಿ ಸೋತಿತು. ಹದಿನಾಲ್ಕು ವರ್ಷ ಎದುರು ನಿಂತು ಮಾತನಾಡದವಳ ಕೈ ಅದು. ಮೊದಲ ಏಟು ಕೋಟಿನ ಮೇಲಿನ ದಾರದ ತುಣುಕು ಕೊಡವಿದಂತೆ ಬಿತ್ತು. ಮಾವನ ಮೊಣಕಾಲು ಕುಸಿಯುತ್ತಿದ್ದುದು ಅವಳ ತೋಳಿಗೆ ತಿಳಿಯಿತು. ಮರ್ಯಾದೆ ಎಲ್ಲ ಆಮೇಲೆ ನೋಡಿಕೊಳ್ಳೋಣ, ಮೊದಲು ಮಾವ ಉಳಿಯಲಿ ಎಂದುಕೊಂಡು, ಅಂಗೈಯ ಬುಡದಿಂದ ಎರಡು ಭುಜಗಳ ನಡುವೆ ಬಾರಿಸಿದಳು. ಎರಡು. ಮೂರು.

ಪರದೆ ಸರಿಸಿ ಬಂದ ಅತ್ತೆಗೆ ಕಂಡದ್ದು ಇಷ್ಟೇ: ಸೊಸೆ ಮಾವನಿಗೆ ಹೊಡೆಯುತ್ತಿದ್ದಾಳೆ. "ಅಯ್ಯಯ್ಯೋ! ಏನೇ ಮಾಡ್ತಿದೀಯ ಅವರಿಗೆ!"

"ಗುಂಡಿ ಒಳಗೆ ಹೋಗಿದೆ ಅತ್ತೇ!"

ನಾಲ್ಕು. ಐದು. ಗುಂಡಿ ಬರಲಿಲ್ಲ.

ಅವಳು ಹಿಂದೆ ಹೋಗಿ ಮಾವನನ್ನು ತಬ್ಬಿದಳು. ಮಾವನ ಹೊಟ್ಟೆಯ ಅಳತೆ ಅವಳಿಗೆ ಗೊತ್ತಿರಲಿಲ್ಲ, ತಡಕಾಡಿದಳು. ಹೊಕ್ಕಳು ಸಿಕ್ಕಿತು, ಅದಕ್ಕಿಂತ ತುಸು ಮೇಲೆ ಮುಷ್ಟಿ, ಮುಷ್ಟಿಯ ಮೇಲೆ ಇನ್ನೊಂದು ಕೈ. ಎಳೆದಳು. ಮಾವನ ಕುತ್ತಿಗೆಯಲ್ಲಿದ್ದ ಅಳತೆ ಟೇಪು ಜಾರಿ ನೆಲಕ್ಕೆ ಬಿತ್ತು. ಮತ್ತೆ ಎಳೆದಳು. ಮಾವನ ಭಾರವೆಲ್ಲ ಈಗ ಅವಳ ಮೇಲಿತ್ತು. "ಬಿಡಬೇಡ, ಬಿಡಬೇಡ," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮೂರನೆಯ ಸಲ ಇದ್ದಬದ್ದ ಬಲವನ್ನೆಲ್ಲ ಹಾಕಿ ಒಳಕ್ಕೂ ಮೇಲಕ್ಕೂ ಸೆಳೆದಳು.

ಟಕ್ ಎಂದು ಕನ್ನಡಿಗೆ ಏನೋ ಬಡಿಯಿತು.

ಆಮೇಲೆ ಬಂದದ್ದು ಒಂದು ಉಸಿರು. ಉದ್ದನೆಯ, ಗೊರಗೊರ ಎನ್ನುವ, ಹಳೆಯ ಮೆಷಿನ್ ತಿರುಗಿಸಿದಂಥ ಉಸಿರು. ಅಂಥ ಇಂಪಾದ ಸದ್ದನ್ನು ಕಾಜಕ್ಕ ಹಿಂದೆಂದೂ ಕೇಳಿರಲಿಲ್ಲ. ಮಾವನನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿ ತಾನು ನೆಲದ ಮೇಲೆ ಕೂತುಬಿಟ್ಟಳು. ಅತ್ತೆ ಒಂದು ಕೈಯಿಂದ ಗಂಡನ ತಲೆಯನ್ನೂ ಇನ್ನೊಂದರಿಂದ ಸೊಸೆಯ ತಲೆಯನ್ನೂ ಸವರುತ್ತ ಅಳುತ್ತಿದ್ದರು. ಮಾವ ಕಣ್ಣು ಒರೆಸಿಕೊಂಡು, ಕನ್ನಡಿಯ ಕಡೆ ಬೆರಳು ತೋರಿಸಿ, ಹರಿದ ದನಿಯಲ್ಲಿ ಮೊದಲ ಮಾತು ಆಡಿದರು.

"ಗುಂಡಿ... ಚೂರಾಯ್ತಾ ನೋಡು."

"ಮಣ್ಣು ಹಾಕಿ ನಿಮ್ಮ ಗುಂಡಿಗೆ!" ಎಂದರು ಅತ್ತೆ.

ಆಂಬುಲೆನ್ಸ್ ಬಂದದ್ದು ಹನ್ನೊಂದು ನಿಮಿಷಕ್ಕೆ. ಅವರು ತಡ ಮಾಡಲಿಲ್ಲ, ದಾರಿಯೇ ಅಷ್ಟಿತ್ತು. ಹೊಟ್ಟೆ ಹಾಗೆ ಒತ್ತಿದ ಮೇಲೆ ಒಳಗೆ ಪೆಟ್ಟಾಗಿದೆಯೇ ಎಂದು ನೋಡಲೇಬೇಕೆಂದು ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪಕ್ಕೆ ನೋವು ಬಿಟ್ಟರೆ ಬೇರೇನೂ ಇರಲಿಲ್ಲ. "ಉಸಿರಿಲ್ಲದೆ ಮನುಷ್ಯ ನಾಲ್ಕೈದು ನಿಮಿಷ ತಡೆಯೋದೇ ಕಷ್ಟ," ಎಂದರು ಡಾಕ್ಟರು. "ನಾವು ಎಷ್ಟೇ ಓದಿದ್ರೂ ಆ ಹೊತ್ತಲ್ಲಿ ನಿಮ್ಮ ಅಂಗಡಿಯಲ್ಲಿ ಇರೋದಿಲ್ಲವಲ್ಲ. ಅಲ್ಲಿ ಇದ್ದೋರಿಗೆ ಗೊತ್ತಿತ್ತು, ಉಳಿದ್ರಿ." ಕಾಜಕ್ಕ ಬಾಗಿಲ ಹತ್ತಿರ ನಿಂತು ಈ ಮಾತು ಕೇಳಿದಳು. ಅಪ್ಪನ ಕಾಲು ನೆನಪಾಯಿತು.

ವಕೀಲರು ಆ ದಿನ ಕೋರ್ಟಿಗೆ ಹಳೆಯ ಕೋಟಿನಲ್ಲೇ ಹೋದರು. ಏಳನೆಯ ಸಲ ಬರುವುದಕ್ಕೆ ಅವರಿಗೇನೂ ಬೇಸರವಿರಲಿಲ್ಲ. ನಡೆದದ್ದನ್ನು ಬೀದಿಯುದ್ದಕ್ಕೂ ವಾದ ಮಂಡಿಸಿದಂತೆ ಹೇಳಿಕೊಂಡು ಹೋದವರು ಅವರೇ.

ಮನೆಗೆ ಬಂದ ಮೇಲೆ ಮಾವ ಮೂರು ದಿನ ಸೊಸೆಯ ಮುಖ ನೋಡಲಿಲ್ಲ. ದಾರ ಬೇಕಾದರೆ ತಾವೇ ಎದ್ದು ತೆಗೆದುಕೊಂಡರು. ಗುಂಡಿಗಳಿಗೆ ಮೇಜಿನ ಮೇಲೆ ಒಂದು ತಟ್ಟೆ ಬಂದಿತ್ತು. ಬಾಯಿ ಖಾಲಿ ಇದ್ದೂ ಅವರು ಮಾತನಾಡುತ್ತಿರಲಿಲ್ಲ. ಕಾಜಕ್ಕನಿಗೆ ಊಟ ಸೇರಲಿಲ್ಲ.

"ನಾನು ಆ ಮಾತು ಆಡದಿದ್ರೆ ಮಾವ ನಗ್ತಿರಲಿಲ್ಲ ಅತ್ತೆ. ನಗದಿದ್ರೆ ಗುಂಡಿ ಹೋಗ್ತಿರಲಿಲ್ಲ. ಅದಕ್ಕೇ ಸಿಟ್ಟು ಅವರಿಗೆ."

"ಸಿಟ್ಟಲ್ಲ ಕಣೇ, ನಾಚಿಕೆ," ಎಂದರು ಅತ್ತೆ, ಪರದೆಯ ಆಚೆಗೆ ಚೆನ್ನಾಗಿ ಕೇಳುವಂತೆ. "ಸೊಸೆ ಕೈಲಿ ಏಟು ತಿಂದ ಮಾವ ಈ ಬೀದಿಗೇ ಇವರೊಬ್ಬರೇ ಅಲ್ವಾ? ನಲವತ್ತು ವರ್ಷದಿಂದ ನಾನು ಆಸೆಪಟ್ಟಿದ್ದನ್ನ ನೀನು ಐದು ನಿಮಿಷದಲ್ಲಿ ಮುಗಿಸಿದೆ."

ಪರದೆಯ ಆಚೆ ಕತ್ತರಿಯ ಸದ್ದು ನಿಂತಿತು. ಮಾವ ಬಂದು ಪರದೆ ಸರಿಸಿ ನಿಂತರು. ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳುವಂತೆ ಹೇಳಿದರು.

"ಮೂರು ರಾತ್ರಿಯಿಂದ ಒಂದೇ ಯೋಚನೆ. ಅವತ್ತು ನನ್ನ ಗಂಟಲಿಗೆ ಸಿಕ್ತು, ಇವಳಿದ್ದಳು. ಇವಳ ಗಂಟಲಿಗೆ ಸಿಕ್ಕಿದ್ರೆ? ಅವನಿಗೆ ತಲೆ ಸುತ್ತುತ್ತೆ. ಇಸ್ತ್ರಿಯವನು ನೀರು ಕುಡಿಸ್ತಾನೆ. ನೀನು ಅಳ್ತೀಯ. ನಾನು? ನಾನು ಟೇಪು ಹಿಡ್ಕೊಂಡು ನೋಡ್ತಾ ನಿಂತಿರ್ತೀನಿ. ಮನೆ ಮಗಳು ಕಣ್ಣೆದುರಿಗೇ..." ಒಂದು ಸಲ ಕೆಮ್ಮಿ, "ಆ ತರಗತಿ ಮತ್ತೆ ಯಾವಾಗಂತೆ?" ಎಂದರು.

ಅರವತ್ತಾರು ವರ್ಷದ ಮಾವ ಮೂರು ಮಧ್ಯಾಹ್ನ ಅಂಗಡಿ ಬಿಟ್ಟು ಠಾಣೆಗೆ ಹೋದರು. ಇಸ್ತ್ರಿಯಣ್ಣನನ್ನೂ ಎಳೆದುಕೊಂಡು ಹೋದರು. ಇಸ್ತ್ರಿ ತಣ್ಣಗಾಗುತ್ತದೆ ಎಂದವನಿಗೆ, "ಆಗಲಿ, ನೀನು ತಣ್ಣಗಾಗದಿದ್ರೆ ಸಾಕು," ಎಂದರಂತೆ. ಮೊದಲ ಸಾಲಿನಲ್ಲಿ ಕೂತು, ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಎಲ್ಲವನ್ನೂ ಬರೆದುಕೊಂಡರಂತೆ. ನರ್ಸಮ್ಮನಿಗೇ ಎರಡು ಪ್ರಶ್ನೆ ಹಾಕಿದರಂತೆ.

ಮೂರನೆಯ ದಿನ ಸಂಜೆ ಮಾವ ಮೆಟ್ಟಿಲು ಹತ್ತುತ್ತಲೇ ಕೂಗಿದರು. "ಏನಮ್ಮಾ, ಬಾ ಇಲ್ಲಿ!"

ಕಾಜಕ್ಕ ಎದ್ದು ಹೋದಳು. ಮಾವ ಇಸ್ತ್ರಿಯಣ್ಣನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹೊಕ್ಕಳಿಂದ ಎದೆಮೂಳೆಯವರೆಗೆ ಟೇಪು ಹಿಡಿದು, ನಡುವೆ ಸೀಮೆಸುಣ್ಣದಿಂದ ಅಂಗಿಯ ಮೇಲೆ ಒಂದು ಗುರುತು ಹಾಕಿದರು.

"ಮುಷ್ಟಿ ಬರಬೇಕಾದ್ದು ಇಲ್ಲಿ. ನನಗೆ ಎಲ್ಲಿ ಹಿಡಿದಿದ್ದೆ ನೆನಪಿದೆಯಾ? ನನ್ನ ಹೊಟ್ಟೆಗೆ ಇನ್ನೂ ನೆನಪಿದೆ. ಅರ್ಧ ಇಂಚು ಕೆಳಗೆ!"

"ಇಲ್ಲ ಮಾವ, ಸರಿಯಾಗೇ ಹಿಡಿದಿದ್ದೆ."

ಮೆಷಿನ್ ತುಳಿಯುತ್ತಿದ್ದ ಗಂಡನ ಕಾಲು ನಿಂತಿತು. ಆ ಅಂಗಡಿಯಲ್ಲಿ ಮಾವನಿಗೆ ಯಾರಾದರೂ ಇಲ್ಲ ಎಂದದ್ದು ಅದೇ ಮೊದಲು.

"ಅರ್ಧ ಇಂಚು ಅಂದೆ."

"ಹೊಟ್ಟೆ ಜೋತುಬಿದ್ದಿದ್ರೆ ಹೊಕ್ಕಳೂ ಕೆಳಗೇ ಇರುತ್ತಲ್ಲ ಮಾವ, ಅದಕ್ಕೆ ನಾನೇನು ಮಾಡ್ಲಿ?"

"ಯಾರ ಹೊಟ್ಟೆ ಜೋತುಬಿದ್ದಿರೋದು? ಅಳತೆ ಹಿಡಿ! ಈಗಲೇ ಹಿಡಿ!"

ಕಾಜಕ್ಕ ಟೇಪಿನ ಒಂದು ತುದಿ ಹಿಡಿದಳು, ಮಾವ ಇನ್ನೊಂದು ತುದಿ ಹಿಡಿದರು. ಪರದೆಯ ಸಂದಿನಲ್ಲಿ ಅತ್ತೆಯ ಮುಖ ಕಾಣಿಸಿತು. ಇಬ್ಬರ ನಡುವೆ ಸಿಕ್ಕಿಕೊಂಡ ಇಸ್ತ್ರಿಯಣ್ಣ ಕೈ ಮೇಲೆತ್ತಿ ನಿಂತು, ಇಬ್ಬರ ಬಾಯನ್ನೂ ಸರದಿಯಂತೆ ನೋಡುತ್ತ, ತನ್ನ ಅಂಗಿ ಈಗಷ್ಟೇ ಇಸ್ತ್ರಿ ಮಾಡಿದ್ದು ಎಂದು ಹೇಳಲು ಸಮಯ ಕಾಯುತ್ತಿದ್ದ.